ಟಿಡ್ಲಿವಿಂಕ್ಸ್ ಕಲೀಲಾಕ ಶುರು ಎಲ್ಲಿಂದ ಮಾಡಬೇಕ್ರಿ? ಕಲಬುರಗಿ ಕಡೆ ಯಾರಾದ್ರೂ ಆಡ್ತೀರೇನು?

ಜೇವರ್ಗಿ_ರೋಡ್_ಅಕ್ಕ:

ಶರಣ್ರಿ ಎಲ್ಲರಿಗೂ. ಹುಡುಗರ ಸೂಟಿ ಶುರು ಆಗ್ಯಾವ, ನಮ್ಮ ಕಲಬುರಗಿ ಬಿಸಲು ನಿಮಗ ಹೇಳೋದು ಬ್ಯಾಡ, ಮುಂಜಾನಿ ಹತ್ತಾದ ಮ್ಯಾಲ ಹೊರಗ ಬಿಡ್ಲಾಕ ಬರಂಗಿಲ್ಲ, ಮನ್ಯಾಗ ಕುಂದ್ರಿಸಿದ್ರ ಮೊಬೈಲ್ ಕೆಳಗಿಡಂಗಿಲ್ಲ. ನಮ್ಮ ತಮ್ಮ ಇಂಗ್ಲೆಂಡ್‌ನಾಗ ಇರ್ತಾನ, ಊರಿಗಿ ಬಂದಾಗ ಟಿಡ್ಲಿವಿಂಕ್ಸ್ ಅಂತ ಒಂದು ಡಬ್ಬಿ ತಂದು ಕೊಟ್ಟು ಹೋಗ್ಯಾನ. ಒಳಗ ನಾಕ ಬಣ್ಣದ ಸಣ್ಣ ಸಣ್ಣ ಪ್ಲಾಸ್ಟಿಕ್ ಬಿಲ್ಲಿ, ಒಂದು ಗಿಡ್ಡನ ಕಪ್, ಮತ್ತ ಒತ್ತಲಾಕ ನಾಕ ದೊಡ್ಡ ಬಿಲ್ಲಿ ಅವ. ದೊಡ್ಡ ಬಿಲ್ಲಿಯಿಂದ ಸಣ್ಣದರ ಅಂಚು ಒತ್ತಿದ್ರ ಅದು ಹಾರಿ ಕಪ್‌ನಾಗ ಬೀಳಬೇಕಂತ, ಅಷ್ಟೇ ಹೇಳ್ಯಾನ. ಹಾರೋದು ದೂರ ಉಳೀತು, ಸರ್ರಂತ ಜಾರಿ ಸೋಫಾ ಕೆಳಗ ಹೋಗ್ಲಾಕತ್ತಾವ. ಡಬ್ಬ್ಯಾಗಿನ ಹಾಳ್ಯಾಗ ನಾಕ ಸಾಲ ಬರದಾರ, ಅದ್ರಿಂದ ಏನೂ ತಿಳಿಯಂಗಿಲ್ಲ.

ಬಿಲ್ಲಿ ಹಿಡಿಯೋದು ಹ್ಯಾಂಗ, ಇದು ಬರೇ ಕಪ್‌ನಾಗ ಹಾಕೋ ಆಟ ಏನು ಇನ್ನೂ ಏನರ ಅದ, ಇಬ್ಬರೇ ಇದ್ರ ಆಡ್ಲಾಕ ಬರ್ತದೇನು, ಗೊತ್ತಿದ್ದವ್ರು ಹೇಳ್ರಿ. ನನಗೂ ಕಲೀಬೇಕಂತ ಅದ, ಹುಡುಗರ ಹೆಸರಿನ ಮ್ಯಾಲ.

ಶಹಾಬಾದ್_ಹುಡುಗ:

ಅಕ್ಕಾರ, ನೆಲಕ್ಕ ಏನ್ ಹಾಸೀರಿ ಅದು ಮೊದಲ ಹೇಳ್ರಿ. ನಮ್ಮ ಕಡೆ ಮನಿ ಅಂದ್ರ ಶಹಾಬಾದಿ ಕಲ್ಲು ಇಲ್ಲಂದ್ರ ಟೈಲ್ಸ್, ಅದರ ಮ್ಯಾಲ ಈ ಆಟ ಜನ್ಮದಾಗ ಆಗಂಗಿಲ್ಲ. ಅಂಚು ಒತ್ತಿದಾಗ ಬಿಲ್ಲಿ ಜರಾ ಕೆಳಗ ಇಳೀಬೇಕು, ಹಂಗ ಇಳದ್ರ ಆ ಕಡಿ ಅಂಚು ಮ್ಯಾಲ ಏಳ್ತದ, ಒತ್ತೋದು ಜಾರಿ ಬಿಟ್ಟ ಕೂಡ್ಲೇ ಬಿಲ್ಲಿ ಪುಟಿದು ಹೋಗ್ತದ. ಕಲ್ಲಿನ ಮ್ಯಾಲ ಇಳೀಲಾಕ ಜಾಗನೇ ಇಲ್ಲಲ್ರಿ, ಅದಕ್ಕೇ ಸೋಫಾ ಕೆಳಗ ಹೊಂಟಾವ.

ಜಮಖಾನಿ ಹಾಸಿದ್ರ ನೇಯ್ಗಿ ಗೆರಿ ಅಡ್ಡ ಬರ್ತಾವ. ಕೌದಿ ಅಂತೂ ಬ್ಯಾಡೇ ಬ್ಯಾಡ, ಹೊಲಿಗಿ ಹೊಲಿಗಿಗೂ ಉಬ್ಬು ತಗ್ಗು ಇರ್ತದ, ಒಂದು ಬಿಲ್ಲಿ ಮ್ಯಾಲ ನೋಡ್ಲಾಕತ್ತಿದ್ರ ಇನ್ನೊಂದು ಗೋಡಿ ನೋಡ್ತದ. ಮಕಮಲ್ಲಿನಂಗ ಮೆತ್ತಗಿನ ಚಾದರದಾಗೂ ಹುಗದು ಹೋಗ್ತದ, ಬರಂಗಿಲ್ಲ. ಒತ್ತಾಗಿರೋ ಉಣ್ಣಿ ಕಂಬಳಿ, ಡಿಸೈನ್ ಇಲ್ಲದ್ದು, ಟೇಬಲ್ ಮ್ಯಾಲ ಸುಕ್ಕಿಲ್ಲದಂಗ ಎಳದು ಹಾಸ್ರಿ, ಇಲ್ಲಾ ದಪ್ಪನ ಫೆಲ್ಟ್ ಬಟ್ಟಿ ತರಿಸ್ರಿ. ಸೂಪರ್ ಮಾರ್ಕೆಟ್ ಕಡೆ ಸ್ಟೇಷನರಿ ಅಂಗಡ್ಯಾಗ ಸಾಲಿ ಪ್ರಾಜೆಕ್ಟ್‌ಗೆ ಅಂತ ಕೊಡ್ತಾರಲ್ಲ ಬಣ್ಣದ ಫೆಲ್ಟ್ ಹಾಳಿ, ಅದು ತೆಳ್ಳಗ ಆಗ್ತದ, ತಂದ್ರ ಎರಡ್ಮೂರು ಒಂದರ ಮ್ಯಾಲ ಒಂದು ಹಾಕಬೇಕಾಗ್ತದ.

ಆಟದ ಬಗ್ಗೆ ನನಗ ಅಷ್ಟೇ ಗೊತ್ತು. ಬೀದರ್ ಅಣ್ಣ ಬಂದ್ರ ಪೂರಾ ಹೇಳ್ತಾರ, ಅವ್ರು ಆಡ್ಯಾರ.

ಬೀದರ್_ಕೋಟಿ_ಕಡೆ:

ಬಂದೀನಪಾ, ಕರೀಬ್ಯಾಡ.

ಅಕ್ಕಾರ, ಹಾಸೋದರ ಬಗ್ಗೆ ಇಂವ ಹೇಳಿದ್ದು ಬರಾಬರ್ ಅದ. ಮುಂದಿಂದು ನಾ ಹೇಳ್ತೀನಿ. ನಾ ಕೇಂಬ್ರಿಜ್‌ನಾಗ ಓದಾಗ ಒಬ್ಬ ದೋಸ್ತ ಅಲ್ಲಿ ಯೂನಿವರ್ಸಿಟಿ ಟಿಡ್ಲಿವಿಂಕ್ಸ್ ಕ್ಲಬ್‌ಗೆ ಎಳಕೊಂಡು ಹೋಗಿದ್ದ, ಆ ಕ್ಲಬ್ 1955ರಿಂದ ನಡದದ, ಅಲ್ಲಿ ಹೋಗಿ ನೋಡಿದ್ರ ಡಬ್ಬ್ಯಾಗ ಬರೋ ಆಟ ಬ್ಯಾರೆ, ಇವ್ರು ಆಡೋ ಆಟ ಬ್ಯಾರೆ. ಡಬ್ಬಿ ಆಟ ಹಳೇದು, ಲಂಡನ್‌ನಾಗ ಜೋಸೆಫ್ ಫಿಂಚರ್ ಅನ್ನಾಂವ 1888ರಾಗ ಪೇಟೆಂಟ್‌ಗೆ ಅರ್ಜಿ ಹಾಕಿದ್ದ, ಅದು ಮನಿ ಮಂದಿ ಕುಂತು ಕಪ್‌ನಾಗ ಹಾಕೋದು, ಅಷ್ಟೇ. ಕೇಂಬ್ರಿಜ್ ಹುಡುಗರು ಅದಕ್ಕ ತಲಿ ಹಚ್ಚಿ ರೂಲ್ಸ್ ಮಾಡಿ ಕುಸ್ತಿ ಮಾಡಿಟ್ಟಾರ. 1958ರಾಗ ಅಲ್ಲಿ ರೇಡಿಯೋದ ಗೂನ್ಸ್ ಕಾಮಿಡಿ ಮಂದಿ ರಾಣಿ ಗಂಡ ಪ್ರಿನ್ಸ್ ಫಿಲಿಪ್ ಪರವಾಗಿ ಆಡ್ಲಾಕ ಬಂದಿದ್ರು, ಇವ್ರ ಕೈಯಾಗ ಸೋತು ಹೋದ್ರು. ಅದೇ ವರ್ಷ ಇಂಗ್ಲಿಷ್ ಟಿಡ್ಲಿವಿಂಕ್ಸ್ ಅಸೋಸಿಯೇಷನ್ ಹುಟ್ಟಿತು.

ಈಗ ಮುಖ್ಯ ಮಾತಿಗಿ ಬರ್ತೀನಿ. ನೀವು ಕೇಳೀರಲ್ಲ, ಬರೇ ಕಪ್‌ನಾಗ ಹಾಕೋದೇನು ಅಂತ. ಅಲ್ರಿ. ಖರೇ ಆಟ ಇರೋದು ಎದುರಿನವನ ಬಿಲ್ಲಿ ಮ್ಯಾಲ ನಮ್ಮ ಬಿಲ್ಲಿ ಹೋಗಿ ಕುಂದ್ರೋದ್ರಾಗ. ಅದಕ್ಕ ಸ್ಕ್ವಾಪ್ ಅಂತಾರ. ಮ್ಯಾಲ ಒಂದು ಬಿಲ್ಲಿ ಕುಂತಿತು ಅಂದ್ರ ಕೆಳಗಿಂದು ಹೊಡೀಲಾಕ ಬರಂಗಿಲ್ಲ, ಪೂರಾ ಮುಚ್ಚಬೇಕಂತಿಲ್ಲ, ಉಗುರಿನಷ್ಟು ಅಂಚು ಮ್ಯಾಲ ಬಂದ್ರೂ ಸಾಕು. ಹಿಂಗಾಗಿ ಹೊಸಬರು ಕಪ್ ನೋಡ್ಕೊಂತ ಒಂದೊಂದೇ ಹಾರಿಸ್ಕೊಂತ ಇರ್ತಾರ, ಅಷ್ಟ್ರಾಗ ಎದುರಿನ ಜೋಡಿ ಇವ್ರ ಬಿಲ್ಲಿ ಎಲ್ಲಾ ಮುಚ್ಚಿ ಕುಂತಿರ್ತದ, ಆಮ್ಯಾಲ ಎರಡು ಹಾಕೀನಿ ಮೂರು ಹಾಕೀನಿ ಅಂದ್ರ ಏನ್ ಬಂತು, ಕೈಯಾಗ ಹೊಡೀಲಾಕ ಬಿಲ್ಲಿನೇ ಇಲ್ಲ. ನನ್ನ ಕೇಳಿದ್ರ ಮೊದಲು ಸ್ಕ್ವಾಪ್ ಕಲೀರಿ, ಕಪ್ ಆಮ್ಯಾಲ.

ಸಾಮಾನು ಹೇಳ್ತೀನಿ. ಮ್ಯಾಟ್ 6 ಫೂಟ್ ಉದ್ದ 3 ಫೂಟ್ ಅಗಲ. ನಟ್ಟ ನಡುವ ಕಪ್, ಅದಕ್ಕ ಪಾಟ್ ಅಂತಾರ, ಎತ್ತರ ಒಂದೂವರೆ ಇಂಚು, ಬಾಯಿ ಎರಡು ಇಂಚಿಗಿ ಜರಾ ಕಮ್ಮಿ. ನೀಲಿ, ಹಸರು, ಕೆಂಪು, ಹಳದಿ, ಒಂದೊಂದು ಬಣ್ಣಕ್ಕ 6 ಬಿಲ್ಲಿ, ಅಂದ್ರ ವಿಂಕ್. ಆರರಾಗ 2 ದೊಡ್ಡವು, 22 ಮಿಲಿಮೀಟರ್, ಉಳದ 4 ಸಣ್ಣವು, 16 ಮಿಲಿಮೀಟರ್. ಒತ್ತೋ ಬಿಲ್ಲಿಗಿ ಸ್ಕ್ವಿಜರ್. ನೀಲಿ ಕೆಂಪು ಒಂದು ಜೋಡಿ, ಹಸರು ಹಳದಿ ಒಂದು ಜೋಡಿ, ಜೋಡಿದವ್ರು ಎದರಾಬದರ ಮೂಲ್ಯಾಗ ನಿಂದರ್ತಾರ. ಮೂಲಿಗೆಲ್ಲ ಪಾಟ್‌ದಿಂದ 3 ಫೂಟ್ ದೂರ ಒಂದು ಗೆರಿ ಇರ್ತದ, ಬಿಲ್ಲಿ ಅದರ ಹಿಂದ ಇಟ್ಟು ಶುರು. ಇಬ್ಬರೇ ಇದ್ರ ಒಬ್ಬೊಬ್ಬರು ಎರಡು ಬಣ್ಣ ಹಿಡೀರಿ, ಏನೂ ತ್ರಾಸ ಇಲ್ಲ, ಟೂರ್ನಮೆಂಟ್‌ನಾಗೂ ಸಿಂಗಲ್ಸ್ ಹಂಗೇ ಆಡ್ತಾರ.

ಮೊದಲ ಯಾರ ಅಂದ್ರ, ನಾಕೂ ಬಣ್ಣದಿಂದ ಒಂದೊಂದು ಬಿಲ್ಲಿ ಪಾಟ್ ಕಡೆ ಹಾರಿಸ್ಬೇಕು, ಯಾರದು ಹತ್ರ ಬೀಳ್ತದ ಅವ್ರದು ಮೊದಲ ಪಾಳಿ. ಒಂದು ಪಾಳಿಗಿ ಒಂದೇ ಹೊಡತ, ತಮ್ಮ ಬಣ್ಣದ್ದು ಪಾಟ್‌ನಾಗ ಬಿತ್ತಂದ್ರ ಇನ್ನೊಂದು ಹೊಡತ ಸಿಗ್ತದ. ಬಿಲ್ಲಿ ಮ್ಯಾಟ್ ಬಿಟ್ಟು ಹೊರಗ ಬಿದ್ರ ಅದನ್ನ ಹೋದ ಜಾಗದ ಅಂಚಿನ ಹತ್ರ ವಾಪಸ್ ಇಡ್ತಾರ, ಆ ಬಣ್ಣದ ಮುಂದಿನ ಪಾಳಿ ಖಲಾಸ್. ನಿಮ್ಮ ಸೋಫಾ ಲೆಕ್ಕದಾಗ ಹುಡುಗರಿಗಿ ಒಂದು ಪಾಳೀನೂ ಉಳಿಯಂಗಿಲ್ಲ ಬಿಡ್ರಿ.

ಹಿಡಿಯೋದು: ಹೆಬ್ಬಟ್ಟು ಒಂದು ಕಡೆ, ಮೊದಲಿನ ಎರಡು ಬಟ್ಟು ಇನ್ನೊಂದು ಕಡೆ. ಸ್ಕ್ವಿಜರ್ ಬಿಲ್ಲಿ ನಡುವ ಇಡ್ರಿ, ಹಗೂರ್ಕ ಒತ್ಕೊಂತ ನಿಮ್ಮ ಕಡೆ ಎಳೀರಿ, ಅಂಚು ಬಿಟ್ಟ ಕೂಡ್ಲೇ ಬಿಲ್ಲಿ ಮುಂದ ಹಾರ್ತದ. ಜೋರ್ಲೆ ಒತ್ತಿದ್ರ ದೂರ ಹೋಗ್ತದ ಅಂತ ಎಲ್ಲರೂ ಒದ್ದಾಡ್ತಾರ, ಅದು ಸುಳ್ಳು, ಎಳಿಯೋದು ಒಂದೇ ಸಮ ಇರ್ಬೇಕು, ಝಟ್ ಅಂತ ಎಳದ್ರ ಅಡ್ಡ ಹೋಗ್ತದ. ಕೂತು ಆಡ್ಬ್ಯಾಡ್ರಿ, ಟೇಬಲ್ ಮ್ಯಾಲ ಹಾಸಿ ನಿಂತು ಬಗ್ಗಿ ಆಡ್ರಿ, ಕಣ್ಣು ಬಿಲ್ಲಿ ಪಾಟ್ ಒಂದೇ ಸಾಲಿನ್ಯಾಗ ಬರ್ತಾವ.

ಕೇರಂ_ಕಲಬುರಗಿ:

ಇಷ್ಟೆಲ್ಲಾ ಓದಿ ನನಗ ತಲಿ ತಿರುಗ್ಲಾಕತ್ತದ. ಅಲ್ರೀ, ಮನೀಗೊಂದು ಕೇರಂ ಬೋರ್ಡ್ ಇರೋ ಊರಾಗ ಈ ಗುಂಡಿ ಹಾರಿಸೋ ಆಟ ಯಾಕ ಬೇಕು? ಬೇಕೇ ಬೇಕಂದ್ರ ಸ್ಟ್ರೈಕರ್ ತಗೊಂಡು ಕೇರಂ ಕಾಯಿ ಒತ್ರಿ, ಡಬ್ಬಿ ಯಾಕ್ ಬೇಕು. ಇಂಗ್ಲೆಂಡ್‌ನಿಂದ ಬಂದದ್ದೆಲ್ಲ ಛಲೋನೇ ಇರ್ತದ ಅಂತ ಏನಿಲ್ಲ.

ಬೀದರ್_ಕೋಟಿ_ಕಡೆ:

ಕೇರಂ ಆಡ್ರಿ ಯಾರ್ ಬ್ಯಾಡ ಅಂದಾರ, ನಾನೂ ಆಡ್ತೀನಿ. ಆದ್ರ ಕಾಯಿಯಿಂದ ಇದು ಆಗಂಗಿಲ್ಲ, ಕೇರಂ ಕಾಯಿ ದಪ್ಪ 7ರಿಂದ 9 ಮಿಲಿಮೀಟರ್ ಇರ್ತದ, ಅದರ ಅಂಚು ಒತ್ತಿದ್ರ ವಾಲಿ ಬೀಳ್ತದ ಹೊರತು ಹಾರಂಗಿಲ್ಲ, ಮತ್ತ ಒಂದರ ಮ್ಯಾಲ ಒಂದು ಏರಿ ಕುಂದ್ರೋದಂತೂ ದೂರದ ಮಾತು. ಸ್ಕ್ವಿಜರ್‌ಗೆ ರೂಲ್ ಅದ, ಅಡ್ಡಳತಿ 25ರಿಂದ 51 ಮಿಲಿಮೀಟರ್ ಒಳಗ, ದಪ್ಪ 5 ದಾಟಬಾರ್ದು. ನಿಮ್ಮ ಸ್ಟ್ರೈಕರ್ ಅಡ್ಡಳತಿಗಿ ಪಾಸ್, ದಪ್ಪಕ್ಕ ಫೇಲ್. ಬೋರ್ಡೂ ಬರಂಗಿಲ್ಲ, ಪಾಲಿಶ್ ಹಲಿಗಿ ಮ್ಯಾಲ ಶಹಾಬಾದಿ ಕಲ್ಲಿಂದೇ ಕಥಿ.

ಸುರಪುರ_ಮಾಸ್ತರ್:

ನಾನೂ ನಾಕ ಮಾತು ಹೇಳ್ತೀನಿ. ನಮ್ಮದು ಯಾದಗಿರಿ ಜಿಲ್ಲಾ ಹಳ್ಳಿ ಸಾಲಿ, ಮಧ್ಯಾಹ್ನ ಊಟ ಆದ ಮ್ಯಾಲ ಬಿಸಲಿಗಿ ಹುಡುಗರನ್ನ ಬಯಲಿಗಿ ಬಿಡ್ಲಾಕ ಬರಂಗಿಲ್ಲ, ಅದಕ್ಕ ಈ ಆಟ ಶುರು ಮಾಡ್ಸೀನಿ. ಡಬ್ಬಿ ಇಲ್ಲ, ಎಲ್ಲಾ ಕೈಲೇ ಮಾಡಿದ್ದು. ಬಿಲ್ಲಿಗಿ ಟೇಲರ್ ಕಡೆ ಹಳೇ ಗುಂಡಿ ಕೇಳಿ ತಂದೀನಿ, ಅಂಚು ಎದ್ದಿರಬಾರ್ದು, ಎರಡೂ ಕಡೆ ಚಪ್ಪಟೆ ಇರೋವು ಆರಿಸ್ಬೇಕು, ಹೊಟ್ಟಿ ಉಬ್ಬಿದ್ದು ಮ್ಯಾಲ ಕುಂದ್ರಂಗಿಲ್ಲ, ಜಾರಿ ಬೀಳ್ತದ. ಅಳತಿ ಬೇಕಂದ್ರ, 2011ರಾಗ ಬಂದ ನಮೂನಿ ಒಂದು ರೂಪಾಯಿ ನಾಣ್ಯ ದೊಡ್ಡ ಬಿಲ್ಲಿದ್ದೇ ಅಳತಿ, ಯಾರ ಮನ್ಯಾಗರ ಹಳೇ ಸ್ಟೀಲಿನ ಹತ್ತು ಪೈಸಾ ಉಳದಿದ್ರ ಅದು ಸಣ್ಣ ಬಿಲ್ಲಿದು. ನಾಣ್ಯನೇ ಇಟ್ಟು ಆಡ್ಲಾಕ ಹೋಗ್ಬ್ಯಾಡ್ರಿ ಮತ್ತ, ಭಾರ ಆಗ್ತಾವ, ಇಟ್ಟು ಅಳತಿ ನೋಡ್ಲಾಕ ಅಷ್ಟೇ.

ಪಾಟ್‌ಗೆ ಪ್ಲಾಸ್ಟಿಕ್ ಚಾ ಕಪ್ ಕತ್ತರಿಸಿ ಒಂದೂವರೆ ಇಂಚು ಮಾಡೀನಿ, ಹಗೂರ ಇರ್ತದಲ್ಲ ಬಿಲ್ಲಿ ತಾಗಿದ್ರ ಉರುಳ್ತದ, ತಳಕ್ಕ ಟೇಪ್ ಹಚ್ಚಿ ಕಂಬಳಿಗಿ ಅಂಟ್ಸ್ರಿ. ಸ್ಟೀಲ್ ವಾಟಿ ಇಟ್ರ ಒಳಗ ಬಿದ್ದದ್ದು ಪುಟಿದು ಹೊರಗ ಬರ್ತದ, ಹುಡುಗರು ಜಗಳಾ ತಗೀತಾರ.

ಕಲ್ಸೋದ್ರಾಗ ಬೀದರ್ ಸರ್ ಹೇಳಿದ್ದೇ ನಂದೂ ಮಾತು, ಶುರುವಿನ್ಯಾಗ ಪಾಟ್ ಎತ್ತಿ ಕಪಾಟಿನ್ಯಾಗ ಇಡ್ರಿ. ಪಾಟ್ ಕಂಡ್ರ ಹುಡುಗ ಬ್ಯಾರೆ ಏನೂ ನೋಡಂಗಿಲ್ಲ. ಒಂದು ಕೆಂಪು ಬಿಲ್ಲಿ ಇಡ್ರಿ, ಅದ್ರಿಂದ ಗೇಣು ದೂರದಾಗ ಹಸರು ಇಡ್ರಿ, ಹಾರಿಸಿ ಅದರ ಮ್ಯಾಲ ಕುಂದ್ರಸು ಅಂತ ಹೇಳ್ರಿ, ಕೈಗಿ ಬಂದಂಗ ಬಂದಂಗ ದೂರ ಮಾಡ್ಕೊಂತ ಹೋಗ್ರಿ. ಹತ್ರದ ಹೊಡತದಾಗ ಒಂದು ಫಜೀತಿ ಅದ, ಭಾಳ ತಗ್ಗಿಲೆ ಹೊಡದ್ರ ನಿಮ್ಮ ಬಿಲ್ಲಿನೇ ಹೋಗಿ ಅವನ ಬಿಲ್ಲಿ ಕೆಳಗ ನುಗ್ತದ, ಆವಾಗ ಅವ ಏನೂ ಮಾಡದೆ ನಿಮ್ಮದೇ ಸಿಕ್ಕೊಂಡಂಗ. ಹುಡುಗರು ಅದಕ್ಕ ಬಿದ್ದು ಬಿದ್ದು ನಗ್ತಾವ.

ಇನ್ನೊಂದು, ಮನ್ಯಾಗ ಅಂಬೆಗಾಲಿಡೋ ಕೂಸು ಇದ್ರ ಬಿಲ್ಲಿ ಎಣಿಸಿ ಡಬ್ಬಿಗಿ ಹಾಕ್ರಿ, ಬಾಯಾಗ ಹಾಕ್ಕೊಂಡ್ರ ಗಂಟಲಿಗಿ ಸಿಗೋ ಅಳತೀನೇ ಅದು.

ಕೇರಂ ಅಣ್ಣ, ನಿಮ್ಮಂಥವ್ರೇ ಇದಕ್ಕ ಬೇಕು ನೋಡ್ರಿ, ಯಾವ ಕಾಯಿ ಬಿಡಬೇಕು ಯಾವುದು ಅಡ್ಡ ಹಾಕಬೇಕು ಅನ್ನೋ ಲೆಕ್ಕ ನಿಮಗ ಮೊದಲೇ ಗೊತ್ತಿರ್ತದ.

ಜೇವರ್ಗಿ_ರೋಡ್_ಅಕ್ಕ:

ಅಯ್ಯ ಇಷ್ಟು ಮಂದಿ ಬರೀತೀರಂತ ಗೊತ್ತಿರ್ಲಿಲ್ಲ, ಭಾಳ ಉಪಕಾರ ಆತ್ರಿ. ಅತ್ತಿಯವ್ರ ಕರೇ ಕಂಬಳಿ ಇತ್ತು, ಊಟದ ಟೇಬಲ್ ಮ್ಯಾಲ ಹಾಸಿದ್ವಿ, ಖರೇನೇ ಹಾರ್ಲಾಕತ್ತಾವ! ಅತ್ತಿಯವ್ರು ಮೊದಲ ಕಂಬಳಿ ಯಾಕ ತಗದೀರಿ ಅಂತ ಸಿಟ್ಟಾಗಿದ್ರು, ಈಗ ಹಳದಿ ಬಣ್ಣ ನಂದು ಅಂತ ಅವ್ರೇ ಕುಂತಾರ, ಅಂದ್ರ ನಿಂತಾರ.

ಈಗ ಎರಡು ಸವಾಲ್. ಒಂದು, ಪಾಟ್‌ಗೆ ಹತ್ತಿ ಬಿದ್ದ ಬಿಲ್ಲಿ ಹಾಕ್ಲಾಕೇ ಬರವಲ್ದು, ದೂರ ಇದ್ದದ್ದೇ ಹಗೂರ್ ಬೀಳ್ತದ, ಇದು ನಮ್ಮ ಕೈದು ತಪ್ಪೋ ಹ್ಯಾಂಗ? ಎರಡು, ಗೆದ್ದವ್ರು ಯಾರಂತ ಹ್ಯಾಂಗ ತಿಳೀಬೇಕು, ಯಾರ ಮೊದಲ ಆರೂ ಹಾಕ್ತಾರೋ ಅಲ್ಲಿತನ ಆಡೋದಾದ್ರ ಮುಗಿಯಂಗೇ ಇಲ್ಲ, ರಾತ್ರಿ ಅಡಿಗಿ ಆಗಂಗಿಲ್ಲ.

ಬೀದರ್_ಕೋಟಿ_ಕಡೆ:

ಅತ್ತಿಯವ್ರಿಗಿ ನಮ್ಮ ಶರಣು ಹೇಳ್ರಿ.

ಪಾಟ್‌ಗೆ ಹತ್ತಿ ಬಿದ್ದದ್ದು ಎಲ್ಲರಿಗೂ ತ್ರಾಸ ಕೊಡ್ತದ, ನೀಟಾಗಿ ಮ್ಯಾಲ ಏರಿ ಗೋಡಿ ದಾಟಬೇಕಲ್ಲ, ಜಾಗ ಎಲ್ಲದ. ಆ ಆಟದವ್ರು ಅದಕ್ಕ ನರ್ಡಲ್ ಅಂತ ಹೆಸರೇ ಇಟ್ಟಾರ. ಅಲ್ಲಿಂದ ಹಾಕ್ಲಾಕ ಒದ್ದಾಡಬ್ಯಾಡ್ರಿ, ಮುಂದಿನ ಪಾಳ್ಯಾಗ ಜರಾ ಹಿಂದ ತಗೊಂಡು ಆಮ್ಯಾಲ ಹಾಕ್ರಿ. ಇಲ್ಲಾ ಅಲ್ಲೇ ಇರ್ಲಿ, ಹತ್ರ ಎದುರಿನವನ ಬಿಲ್ಲಿ ಬಂದ್ರ ಅದರ ಮ್ಯಾಲ ಹತ್ತಲಾಕ ಕೆಲಸಕ್ಕ ಬರ್ತದ.

ಆಟಕ್ಕ ಟೈಮ್ ಇರ್ತದ್ರಿ. ಜೋಡಿ ಆಟಕ್ಕ 25 ನಿಮಿಷ, ಇಬ್ಬರದಕ್ಕ 20. ಟೈಮ್ ಮುಗದ ಮ್ಯಾಲ ಇನ್ನ 5 ಸುತ್ತು ಆಡಿ ನಿಲ್ಲಿಸ್ತಾರ. ಆವಾಗ ಎಣಿಸೋದು: ಪಾಟ್‌ನಾಗ ಇದ್ದ ಒಂದೊಂದು ಬಿಲ್ಲಿಗಿ 3, ಹೊರಗ ಮ್ಯಾಟ್ ಮ್ಯಾಲ ಖುಲ್ಲಾ ಇದ್ದದ್ದಕ್ಕ 1, ಇನ್ನೊಂದರ ಕೆಳಗ ಸಿಕ್ಕಿದ್ದಕ್ಕ ಸೊನ್ನಿ. ನೋಡ್ರಿ, ನೀಲಿ 3 ಹಾಕ್ಯಾದ, 2 ಖುಲ್ಲಾ, 1 ಸಿಕ್ಕದ, ಅಂದ್ರ 9 ಮತ್ತ 2, ಹನ್ನೊಂದು. ಹಸರು 2 ಹಾಕಿ 4 ಖುಲ್ಲಾ, ಹತ್ತು. ಕೆಂಪು 1 ಹಾಕಿ 3 ಖುಲ್ಲಾ 2 ಸಿಕ್ಕಾವ, ಆರು. ಹಳದಿ ಒಂದೂ ಹಾಕಿಲ್ಲ, 5 ಖುಲ್ಲಾ, ಐದು. ಇದು ಬರೇ ನಂಬರ್ ಹಚ್ಚಲಾಕ, ಗೆಲವಿನ ಪಾಯಿಂಟ್ ಬ್ಯಾರೆ: ಮೊದಲನೇದಕ್ಕ 4, ಎರಡನೇದಕ್ಕ 2, ಮೂರನೇದಕ್ಕ 1, ಕಡೀದಕ್ಕ ಏನೂ ಇಲ್ಲ. ನೀಲಿ 4 ಕೆಂಪು 1 ಕೂಡಿ 5, ಹಸರು 2 ಹಳದಿ ಸೊನ್ನಿ ಕೂಡಿ 2. ಒಂದು ಆಟಕ್ಕ ಒಟ್ಟು 7 ಪಾಯಿಂಟ್, ಅದನ್ನೇ ಹಂಚ್ಕೋಬೇಕು.

ಯಾರರ ಆರೂ ಹಾಕೇಬಿಟ್ರ ಅವ್ರಿಗಿ 4 ಪಕ್ಕಾ, ಸಿಕ್ಕಿದ್ದ ಬಿಲ್ಲಿ ಎಲ್ಲಾ ಬಿಡ್ಸ್ತಾರ, ಉಳದವ್ರು ಎರಡು ಮೂರನೇ ನಂಬರಿಗಿ ಆಡ್ತಾರ, ಕಡೀಕ ಸೋತ ಜೋಡಿಯಿಂದ ಒಂದು ಪಾಯಿಂಟ್ ಕಿತ್ಕೊಂಡು ಗೆದ್ದವ್ರಿಗಿ ಕೊಡ್ತಾರ. ಇದರ ಆಸೀಗಿ ಬಿದ್ದೇ ಹೊಸಬರು ಪಾಟ್ ಪಾಟ್ ಅಂತಾರ. ಕೈ ಕೂತಿದ್ರ ಹಂಗ ಆಡ್ಲಾಕ ಅಡ್ಡಿ ಇಲ್ಲ, ಕ್ಲಬ್ಬಿನ್ಯಾಗ ಕೆಲವ್ರು ಗೆರಿ ಹಿಂದಿಂದೇ, ಮೂರು ಫೂಟ್ ದೂರದಿಂದ ಹಾಕೋದು ನೋಡೀನಿ, ಆದ್ರ ಅವ್ರೂ ಅದನ್ನ ನೆಚ್ಚಂಗಿಲ್ಲ.

ಶಹಾಬಾದ್_ಹುಡುಗ:

ಅಣ್ಣಾ, ಸ್ಕ್ವಿಜರ್ ಮನ್ಯಾಗ ಮಾಡ್ಲಾಕ ಬರ್ತದೇನು? ಡಬ್ಬ್ಯಾಗಿಂದು ಅಂಚು ಭಾಳ ಮೊಂಡ ಇರ್ತದ.

ಬೀದರ್_ಕೋಟಿ_ಕಡೆ:

ಬರ್ತದ, ಛಲೋ ಆಡೋ ಮಂದಿ ತಾವೇ ಉಜ್ಜಿ ಮಾಡ್ಕೋತಾರ, ಒಬ್ಬೊಬ್ಬರ ಹತ್ರ ಒಂದು ಡಬ್ಬಿ ಇರ್ತದ, ಪಾಟ್‌ಗೆ ಒಂದು, ಹತ್ರದ ಸ್ಕ್ವಾಪ್‌ಗೆ ಒಂದು, ದೂರಕ್ಕ ಒಂದು. ನೇಮ್ ಪ್ಲೇಟ್ ಮಾಡೋ ಅಂಗಡ್ಯಾಗ ಅಕ್ರಿಲಿಕ್ ಚೂರು ಉಳದಿರ್ತಾವ, 2 ಇಲ್ಲಾ 3 ಮಿಲಿಮೀಟರ್ ದಪ್ಪಂದು ಕೇಳ್ರಿ, 4 ಸೆಂಟಿಮೀಟರ್ ಗುಂಡಗ ಕತ್ತರಿಸಿ ಕೊಡು ಅನ್ರಿ. ಆಮ್ಯಾಲ ಕೆಲಸ ನಿಮ್ಮದು, ನಮ್ಮೂರಾಗ ಬಿದರಿ ಕೆಲಸದವ್ರು ಹೂಜಿ ಮೈಗಿ ಕಾನಸ್ ಹಚ್ಚಿ ಉಜ್ತಾರಲ್ಲ ಹಂಗ ತಾಳ್ಮಿಲೆ ಅಂಚು ಸುತ್ತ ಉಜ್ಜಬೇಕು, ಕಡೀಕ ನೀರಿನ ಪಾಲಿಶ್ ಪೇಪರ್. ಅಂಚು ತೆಳ್ಳಗ ಆಗ್ಲಿ, ಚೂಪ ಆಗಬಾರ್ದು, ಬಿಲ್ಲಿಗಿ ಗೆರಿ ಬೀಳ್ತದ, ಮ್ಯಾಟ್ ಹರೀತದ, ರೂಲ್‌ನಾಗೂ ಅದು ನಡಿಯಂಗಿಲ್ಲ. ನನ್ನ ಅಂದಾಜಿಗಿ ತೆಳ್ಳಗಿಂದು ಸ್ಕ್ವಾಪ್‌ಗೆ ಛಲೋ, ಜರಾ ದಪ್ಪಂದು ಪಾಟ್‌ಗೆ, ಆದ್ರ ಇದು ಕೈ ಮ್ಯಾಲ ಹೋಗ್ತದ.

ಕೇರಂ_ಕಲಬುರಗಿ:

ಸರಿ, ನಿನ್ನಿ ತಂಗಿ ಮನ್ಯಾಗ ಗುಂಡಿ ಹಿಡ್ಕೊಂಡು ಆಡಿ ನೋಡಿದೆ. ಆಟ ಫಾಲ್ತು ಅಲ್ಲ, ಒಪ್ಕೊಂಡೆ, ಕೇರಂಗಿಂತ ಮ್ಯಾಲ ಅಂತ ಮಾತ್ರ ಅನಂಗಿಲ್ಲ. ನನ್ನ ಒಂದು ಬಿಲ್ಲಿ ಹೋಗಿ ಅವ್ರ ಎರಡು ಬಿಲ್ಲಿ ಮ್ಯಾಲ ಅಡ್ಡ ಕುಂತಿತು, ಎರಡೂ ಸಿಕ್ಕಂಗೋ ಒಂದೇನೋ? ಮತ್ತ ಒಂದು ಕಡೀದವ್ರವು ಎಲ್ಲಾ ಬಿಲ್ಲಿ ಸಿಕ್ಕಿಬಿಟ್ರ ಆಟ ಅಲ್ಲಿಗಿ ಮುಗೀತೇನು? ತಂಗಿ ಗಂಡ ಮುಗೀತು ಅಂತಾನ, ಸೋಲೋ ಪಾಳಿ ನಂದಿತ್ತು ಅದಕ್ಕ ನಾ ಇಲ್ಲ ಅಂದೀನಿ.

ಸುರಪುರ_ಮಾಸ್ತರ್:

ಎರಡೂ ಸಿಕ್ಕಂಗ. ಅಂಥ ಬಿಲ್ಲಿ ಕಾಯ್ಕೋರಿ, ಮ್ಯಾಲ ನಿಮ್ಮ ಜೋಡಿದವ್ರದು ಇನ್ನೊಂದು ಕುಂದ್ರಿಸಿದ್ರ ಇನ್ನೂ ಘಟ್ಟಿ ಆಗ್ತದ. ಯಾಕಂದ್ರ ಎದುರಿನವ್ರು ಸುಮ್ನ ಕುಂದ್ರಂಗಿಲ್ಲ, ತಮ್ಮ ಬಿಲ್ಲಿ ತಂದು ನಿಮ್ಮದರ ಮ್ಯಾಲ ಹತ್ತಸ್ತಾರ, ಆವಾಗ ಮ್ಯಾಲಿಂದು ಅವ್ರದು, ಗುಂಪೆಲ್ಲ ಅವ್ರ ಕೈಯಾಗ. ಜೋಡಿದವ್ರ ಕೂಡ ಬಾಯಿಬಿಟ್ಟು ಮಾತಾಡ್ಲಾಕ ಅಡ್ಡಿ ಇಲ್ಲ, ಯಾವುದು ಮುಚ್ಚೋಣು ಯಾವುದು ಬಿಡೋಣು ಅಂತ ಕೇಳಿ ಹೊಡೀರಿ.

ಎಲ್ಲಾ ಸಿಕ್ಕಿಬಿಟ್ರೂ ಆಟ ಮುಗಿಯಂಗಿಲ್ಲ, ನಿಮ್ಮ ಮಾತೇ ಬರಾಬರ್. ಮುಚ್ಚಿದ ಜೋಡಿಗಿ ತಮ್ಮ ಖುಲ್ಲಾ ಬಿಲ್ಲಿ ಎಷ್ಟವ ಅದರ ಮ್ಯಾಲ ಕೆಲವು ಹೊಡತ ಸಿಗ್ತಾವ, ಆಮ್ಯಾಲ ಅವ್ರೇ ತಮ್ಮ ಕೈಲೇ ಎದುರಿನವ್ರದು ಒಂದು ಬಿಡ್ಸ್ಬೇಕು. ಅಷ್ಟ್ರಾಗ ಹುಷಾರಿದ್ದವ್ರು ತಮ್ಮವು ಎರಡು ಮೂರು ಪಾಟ್‌ಗೆ ಹಾಕಿ ಮುಗಿಸಿರ್ತಾರ, ಬಿಡ್ಸೋದೂ ಮೂಲ್ಯಾಗ ಇರೋದನ್ನ ನೋಡಿ ಬಿಡ್ಸ್ತಾರ. ನಿಮ್ಮ ತಂಗಿ ಗಂಡಗ ಇದು ತೋರಸ್ರಿ, ಒಪ್ಪಲಿಲ್ಲಂದ್ರ ಆ ಆಟ ಮೊದಲಿನಿಂದ ಆಡ್ರಿ.